ಕಸ್ಟಮ್ಸಿನಲ್ಲಿ ಕಳೆದ ಬಂಗಾರ

ಬಹರೇನಿನ ನೆಲದ ಮೇಲೆ ನಾನು ಆಡಿದ ಮೊದಲ ಮಾತೇ ಎಡವಟ್ಟಾಯಿತು. ವಿಮಾನ ನಿಲ್ದಾಣದ ಕಸ್ಟಮ್ಸಿನ ಅಧಿಕಾರಿ, ದಪ್ಪ ಮೀಸೆಯ ಸಮಾಧಾನದ ಮನುಷ್ಯ, ನನ್ನ ಚೀಲದಿಂದ ಶೇಂಗಾ ಹೋಳಿಗೆಯ ಡಬ್ಬಿ, ಗುರೆಳ್ಳು ಚಟ್ನಿಪುಡಿ, ಕಟಿರೊಟ್ಟಿಯ ಗಂಟು ಎಲ್ಲವನ್ನೂ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಕೊನೆಗೆ ಕರ್ಚೀಫಿನ ಸಣ್ಣ ಗಂಟೊಂದನ್ನು ಎತ್ತಿ ಹಿಡಿದು ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಗೋಲ್ಡ್, ಸರ್."

ಅವನು ಇನ್ನಿಬ್ಬರನ್ನು ಕರೆದ. ಗಂಟು ಬಿಚ್ಚಿದರೆ ಒಳಗೆ ಒಂದು ಹಿಡಿ ಒಣಗಿದ ಎಲೆ. ಮೂವರೂ ನನ್ನ ಮುಖ ನೋಡಿದರು. ದಸರೆಯ ದಿನ ನಾವು ಬನ್ನಿ ಎಲೆಯನ್ನೇ ಬಂಗಾರ ಅನ್ನುತ್ತೇವೆ, ಮಾತು ಬಿಟ್ಟವರೂ ಅವತ್ತು ಒಬ್ಬರ ಕೈಗೆ ಒಬ್ಬರು ಎಲೆ ಇಟ್ಟು "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಅಂದರೆ ಸಾಕು, ಜಗಳ ಅಲ್ಲಿಗೆ ಮುಗಿಯಿತು. ಇದನ್ನೆಲ್ಲ ಆ ಮೂವರಿಗೆ ಹೇಗೆ ಹೇಳಲಿ? ಗದಗಿನ ಪ್ರೌಢಶಾಲೆಯಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದ ಬಾಯಿ ನನ್ನದು. "ಲೀಫ್ ಈಸ್ ಗೋಲ್ಡ್. ಫಾರ್ ಸಿಸ್ಟರ್. ನೋ ಫೈಟ್" ಎಂದೆ. ಮೀಸೆಯವನು ನಕ್ಕುಬಿಟ್ಟ. ಗಿಡದ ಎಲೆ, ಬೀಜ ಒಳಗೆ ಬಿಡುವ ಹಾಗಿಲ್ಲ, ನಿಯಮ ಅಂತ ತಿಳಿಸಿ ಎಲೆಗಳನ್ನು ಬುಟ್ಟಿಗೆ ಸುರಿದ. ಕರ್ಚೀಫನ್ನು ಮಾತ್ರ ಮಡಿಚಿ ಮರ್ಯಾದೆಯಿಂದ ಕೈಗೆ ಕೊಟ್ಟ. ಹೋಳಿಗೆ ಮುಟ್ಟಲಿಲ್ಲ, ಪುಣ್ಯಾತ್ಮ.

ಬನ್ನಿ ಹಂಚಿ ಮುಗಿದ ಮಾರನೆಯ ದಿನವೇ ನಾನು ಊರು ಬಿಟ್ಟಿದ್ದೆ. ಶಾಲೆಗೆ ದಸರಾ ರಜೆ ಇತ್ತು. ಎಸ್‌ಟಿಡಿ ಬೂತುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು, ತಂಗಿ ಸುಮಿತ್ರಾ ನನ್ನ ಹೊಸ ಮೊಬೈಲಿಗೆ ಫೋನು ಮಾಡಿದ್ದಳು. "ಅಕ್ಕಾ, ನೀ ಒಮ್ಮೆ ಬಾ. ಒಂದ ಕೆಲಸ ಐತಿ. ಫೋನಿನ್ಯಾಗ ಹೇಳಾಕ ಬರಂಗಿಲ್ಲ" ಅಂದಿದ್ದಳು. ಶ್ರಾವಣದಲ್ಲಿ ಅವಳ ಬಸಿರು ಇಳಿದುಹೋಗಿತ್ತು. ಐದು ತಿಂಗಳು ತುಂಬಿತ್ತು. ಮದುವೆಯಾಗಿ ಒಂಬತ್ತನೇ ವರ್ಷಕ್ಕೆ ನಿಂತ ಬಸಿರು ಅದು. ಆಗ ನನಗೆ ರಜೆ ಸಿಗಲಿಲ್ಲ, ಪಾಸ್‌ಪೋರ್ಟೂ ಇರಲಿಲ್ಲ. ಫೋನಿನಲ್ಲಿ ಅವಳು ಅಳದೇ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತ್ತು.

ಹೊರಗೆ ಸುಮಿಯ ಗಂಡ ಗಿರೀಶ ಕಾಯುತ್ತಿದ್ದ. "ಬರ್ರಿ ಅಕ್ಕಾರ" ಎಂದು ಚೀಲ ತೆಗೆದುಕೊಂಡ. ಅವನು ಅಸ್ಕರ್ ಕಡೆಯ ಅಲ್ಯುಮಿನಿಯಂ ಕಾರ್ಖಾನೆಯಲ್ಲಿ ಎಂಜಿನಿಯರ್, ಮಾತು ಕಡಿಮೆ. ನಿಲ್ದಾಣ ಇರುವುದು ಮುಹರಕ್ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿಂದ ರಾಜಧಾನಿ ಮನಾಮಾಕ್ಕೆ ಸೇತುವೆ ದಾಟಬೇಕು. ಬೆಳಗಿನ ಹೊತ್ತು, ಎರಡೂ ಕಡೆ ಸಮುದ್ರ ಹಾಲು ಹಾಕಿದ ಚಹಾದ ಬಣ್ಣಕ್ಕಿತ್ತು, ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಶುರುವಾಗುತ್ತದೆ ಅಂತ ಗೊತ್ತಾಗದಂಥ ಮಬ್ಬು. ಎದುರಿನ ಎತ್ತರದ ಕಟ್ಟಡಗಳಿಗೆ ಬುಡವೇ ಇಲ್ಲ, ಬರೀ ಮೇಲಿನ ಅಂತಸ್ತುಗಳು ಗಾಳಿಯಲ್ಲಿ ನಿಂತಿದ್ದವು. ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣಿಗೆ ಇದೆಲ್ಲ ಕನಸಿನಲ್ಲಿ ನಡೆಯುತ್ತಿರುವ ಹಾಗಿತ್ತು. ಮುಂದಿನ ದಿನಗಳಲ್ಲೂ ಆ ನಿದ್ದೆಗಣ್ಣು ನನ್ನನ್ನು ಪೂರ್ತಿ ಬಿಡಲಿಲ್ಲ.

ಅವರ ಮನೆ ಡಿಪ್ಲೊಮ್ಯಾಟಿಕ್ ಏರಿಯಾಕ್ಕೆ ನಡೆದು ಹೋಗುವಷ್ಟು ಹತ್ತಿರ. ಸುಮಿ ಅಲ್ಲಿಯ ಒಂದು ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಬಾಗಿಲು ಅವಳೇ ತೆಗೆದಳು. ಮುಖ ಅರ್ಧಕ್ಕರ್ಧ ಇಳಿದಿತ್ತು. ಕೈಗೆ ಇಡಲು ಬನ್ನಿ ಇರಲಿಲ್ಲ. ಖಾಲಿ ಕರ್ಚೀಫು ತೋರಿಸಿ ಕಸ್ಟಮ್ಸಿನ ಕಥೆ ಹೇಳಿದೆ, ನಕ್ಕಾಳು ಅಂತ. ನಗಲಿಲ್ಲ. "ಈ ವರ್ಷ ನನಗ ಬನ್ನಿನೂ ಇಲ್ಲ ಅಂದಂಗಾತು" ಅಂದಳು.

ಗಿರೀಶ ಶಿಫ್ಟಿಗೆ ಹೋದ ಮೇಲೆ ಬಾಲ್ಕನಿಗೆ ಕರೆದುಕೊಂಡು ಹೋದಳು. ವಾಷಿಂಗ್ ಮಷಿನ್ನಿನ ಹಿಂದೆ ಒಂದು ಸ್ಟೀಲ್ ಡಬ್ಬಿ ಬೋರಲು ಹಾಕಿತ್ತು. ಅದರ ಕೆಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ನಿಂಬೆಹಣ್ಣಿನ ಗಾತ್ರದ ನೀಲಿ ಬಟ್ಟೆಯ ಗಂಟು, ಸುತ್ತ ಬಿಳಿ ದಾರ, ದಾರದ ತುಂಬ ಗಂಟುಗಳು.

"ಇದನ್ನ ಊರಿಗೆ ಒಯ್ದು ಹೊಳ್ಯಾಗ ಬಿಟ್ಟುಬಿಡಕ್ಕ. ಹರಿಹರದ ಹತ್ರ ರೈಲು ತುಂಗಭದ್ರಾ ದಾಟತೈತೆಲ್ಲ, ಅಲ್ಲೆ ಒಗದುಬಿಡು. ಮನ್ಯಾಗ ಇಟ್ಕೊಳ್ಳಾಕೂ ಅಂಜಿಕಿ, ಕಸದಾಗ ಹಾಕಾಕೂ ಅಂಜಿಕಿ."

"ಯಾರು ಕೊಟ್ಟದ್ದಿದು?"

"ಕೆಳಗಿನ ಮನಿ ಹೆಲೆನ್."

ಹೆಲೆನ್‌ಳ ಹೆಸರು ನನಗೆ ಗೊತ್ತಿತ್ತು. ನಾಲ್ಕು ವರ್ಷ ಸುಮಿಯ ಫೋನಿನ ತುಂಬ ಅದೇ ಹೆಸರು. ಇಂಗ್ಲೆಂಡಿನ ಹೆಂಗಸು, ಇಲ್ಲಿ ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತಾಳೆ. ಸುಮಿಗೆ ಕಾರು ಓಡಿಸಲು ಕಲಿಸಿದವಳು ಅವಳು, ಗಿರೀಶ ಶಿಫ್ಟಿನಲ್ಲಿದ್ದಾಗ ಆಸ್ಪತ್ರೆಗೆ ಕರೆದೊಯ್ದವಳೂ ಅವಳೇ. ಸುಮಿ ಬಸಿರಾದ ಸುದ್ದಿ ಕೇಳಿ ಈ ಗಂಟು ತಂದು ಸುಮಿಯ ಮಂಚದ ತಲೆಭಾಗಕ್ಕೆ ಕಟ್ಟಿದ್ದಳಂತೆ. ಕಟ್ಟುವಾಗ ನಗುತ್ತ, "ಹೆದರಬೇಡ, ನಾನೊಬ್ಬ ವಿಚ್, ಇದು ವಿಚ್‌ಗಳ ಸಣ್ಣ ಆಶೀರ್ವಾದ" ಅಂದಿದ್ದಳಂತೆ. ತಮಾಷೆ ಇರಬೇಕೆಂದು ಸುಮಿ ತಾನೂ ನಕ್ಕಿದ್ದಳು. ಮಗು ಹೋದ ಮೇಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಆ ಶಬ್ದ ನೆನಪಾಯಿತು.

"ವಿಚ್ ಅಂದ್ರ ಮಾಟಗಾತಿ ಅಲ್ಲೇನಕ್ಕ? ನೀನೇ ಹೇಳು, ಕನ್ನಡ ಟೀಚರ್ ನೀನು."

ಡಿಕ್ಷನರಿಯಲ್ಲಿ ಇರುವುದು ಅದೇ. ಅವತ್ತಿನಿಂದ ಸುಮಿ ಹೆಲೆನ್ ಜೊತೆ ಮಾತು ಬಿಟ್ಟಿದ್ದಳು. ಅವಳು ಬಾಗಿಲು ತಟ್ಟಿದರೂ ತೆಗೆಯುತ್ತಿರಲಿಲ್ಲ. ಈಗ ಹೆಲೆನ್ ಕೆಲಸ ಮುಗಿಸಿ ಈ ವಾರವೇ ಊರಿಗೆ ಹೊರಟಿದ್ದಾಳೆ, ಇನ್ನು ಬರುವುದಿಲ್ಲ. "ಹೋಗ್ಲಿ, ಛಲೋನ ಆತು" ಅಂದಳು ಸುಮಿ. ಅಂದವಳ ಕಣ್ಣು ಮಾತ್ರ ಕೆಳಗಿನ ಪಾರ್ಕಿಂಗಿನ ಕಡೆಗೇ ಇತ್ತು.

ಎರಡು ದಿನ ಊರು ನೋಡಿದೆ. ಸೀಫ್‌ನ ಮಾಲುಗಳಲ್ಲಿ ಚಳಿ ಹಿಡಿಯುವಷ್ಟು ಏಸಿ, ಹೊರಗೆ ಬಂದರೆ ಕನ್ನಡಕದ ಗಾಜು ಮಂಜಾಗುವಷ್ಟು ಸೆಕೆ. ಮನಾಮಾದ ಹಳೇ ಪೇಟೆಗೆ ಟ್ಯಾಕ್ಸಿಯವನು ಎರಡು ದಿನಾರ್ ತೆಗೆದುಕೊಂಡ, ಸುಮಿ ಪ್ರಕಾರ ಅದು ಜಾಸ್ತಿ. ಅಲ್ಲಿ ಮಸಾಲೆ ಅಂಗಡಿಯೊಂದರಲ್ಲಿ ಭಟ್ಕಳದ ಹಿರಿಯರೊಬ್ಬರು ನಮ್ಮ ಮಾತು ಕೇಳಿ "ಗದಗದವರಾ? ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಸ್ಟೂಲು ಹಾಕಿ ಕರಕ್ ಎನ್ನುವ ಗಟ್ಟಿ ಚಹಾ ತರಿಸಿದರು. ನೂರು ಫಿಲ್ಸಿನ, ಅಂದರೆ ದಿನಾರಿನ ಹತ್ತನೇ ಒಂದು ಪಾಲಿನ ಚಹಾ, ಏಲಕ್ಕಿ ಜೋರು. ಮಧ್ಯಾಹ್ನದ ಹೊತ್ತಿಗೆ ಪೇಟೆಯ ಮೇಲೆ ಬಾಂಗ್ ತೇಲಿ ಬಂತು, ಅಂಗಡಿಗಳು ಒಂದೊಂದಾಗಿ ಪರದೆ ಎಳೆದುಕೊಂಡವು. ಸ್ಟೂಲಿನ ಮೇಲೆ ಕೂತವಳಿಗೆ ಅಲ್ಲೇ ಕಣ್ಣು ಎಳೆಯಿತು.

ಹೆಲೆನ್ ಸಿಕ್ಕದ್ದು ಮೂರನೇ ದಿನ, ಬಟ್ಟೆ ಒಣ ಹಾಕಲು ತಾರಸಿಗೆ ಹೋದಾಗ. ಸುಮಿ ಬ್ಯಾಂಕಿಗೆ ಹೋಗಿದ್ದಳು. ಅರವತ್ತರ ಆಸುಪಾಸಿನ ದಪ್ಪ ಹೆಂಗಸು, ಮೊಣಕಾಲು ನೋವಿನ ನಡಿಗೆ, ಕೈಯಲ್ಲಿ ಬೆಡ್‌ಶೀಟು. ಸತ್ಯ ಹೇಳುತ್ತೇನೆ, ನಾನು ಮೊದಲು ನೋಡಿದ್ದು ಅವಳ ಪಾದ. ಮುಂದಕ್ಕೇ ಇದ್ದವು.

"ನೀವು ಅಕ್ಕ ಅಲ್ಲವೇ?" ಎಂದಳು ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ ಬಿಡಿಸಿ. "ಸುಮಿ ಹೇಗಿದ್ದಾಳೆ? ಊಟ ಮಾಡುತ್ತಾಳಾ?"

ಮಾಟ ಹಾಕಿದವರು ಊಟದ ವಿಚಾರ ಕೇಳುತ್ತಾರೆಯೇ? ನನಗೆ ಆ ಕ್ಷಣ ಹಾಗನಿಸಿತು. ಚಹಾಕ್ಕೆ ಕರೆದಳು, ಹೋದೆ. ಧೈರ್ಯ ಅಂತೇನಲ್ಲ, ನನ್ನ ಕುತೂಹಲ ಯಾವತ್ತೂ ನನ್ನ ಅಂಜಿಕೆಗಿಂತ ಎರಡು ಹೆಜ್ಜೆ ಮುಂದೆ ಇರುತ್ತದೆ.

ಅವಳ ಮನೆ ಪೂರ್ತಿ ರಟ್ಟಿನ ಪೆಟ್ಟಿಗೆ. ಸೋಫಾ, ಮೇಜು, ಕಾರು ಎಲ್ಲ ಮಾರಿಯಾಗಿತ್ತು. ಒಂದು ಪೆಟ್ಟಿಗೆ ಮಾತ್ರ ಕಿಟಕಿಯ ಕೆಳಗೆ ಬೋರಲಾಗಿದ್ದು, ಮೇಲೆ ಹಸಿರು ಬಟ್ಟೆ ಹಾಸಿತ್ತು. ಮೇಣದ ಬತ್ತಿ, ಒಂದು ಬಟ್ಟಲಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು, ಮಣ್ಣಿನ ಪುಟ್ಟ ದೇವಿ, ಪಕ್ಕದಲ್ಲಿ ಜಿಂಕೆಯ ಕೊಂಬಿನ ತುಂಡು, ಐದು ಮೂಲೆಯ ನಕ್ಷತ್ರ ಕೆತ್ತಿದ ಮರದ ತಟ್ಟೆ. ಇವುಗಳ ನಡುವೆ ಕರಿ ಹಿಡಿಕೆಯ ಚೂರಿ. ಒಂದು ಹೆಜ್ಜೆ ಬಾಗಿಲ ಕಡೆಗೆ ಸರಿದೆ. ಬಾಗಿಲ ಹಿಂದೆ ಕಸಬರಿಗೆ ಬೇರೆ, ಅದೂ ತಲೆಕೆಳಗಾಗಿ ನಿಂತಿತ್ತು.

"ಕಸಬರಿಗಿ ಹಿಂಗ ನಿಲ್ಲಿಸಬಾರದು, ಲಕ್ಷ್ಮಿ ಅದು" ಎಂದು ಕನ್ನಡದಲ್ಲೇ ಅಂದುಬಿಟ್ಟೆ, ಆಮೇಲೆ ಇಂಗ್ಲಿಷಿಗೆ ತಿರುಗಿಸಿದೆ. ಹೆಲೆನ್‌ಗೆ ನಗು ತಡೆಯಲಾಗಲಿಲ್ಲ. ಅವರಲ್ಲಿ ಹಾಗೇ ನಿಲ್ಲಿಸುವುದಂತೆ, ಮನೆಗೆ ಒಳ್ಳೆಯದಂತೆ. ಪೂಜೆಗೆ ಮುಂಚೆ ಆ ಕಸಬರಿಗೆಯಿಂದ ಜಾಗವನ್ನು ಗುಡಿಸುತ್ತಾರೆ. ಧೂಳಿಗಲ್ಲ, ಕೆಟ್ಟದ್ದೇನಾದರೂ ಉಳಿದಿದ್ದರೆ ಹೋಗಲಿ ಅಂತ. ಹಾರುವುದಕ್ಕಂತೂ ಅಲ್ಲ. "ಈ ಮೊಣಕಾಲಿನಲ್ಲಿ ನಾನು ಬಸ್ಸು ಹತ್ತುವುದೇ ಕಷ್ಟ" ಅಂದಳು. ಕರಿ ಬೆಕ್ಕು ಎಲ್ಲಿ ಅಂತ ಕೇಳಿದ್ದಕ್ಕೆ, ಬೆಕ್ಕು ಹತ್ತಿರ ಬಂದರೆ ತನಗೆ ಸೀನು ನಿಲ್ಲುವುದಿಲ್ಲ ಅಂದಳು.

"ಚೂರಿ? ಕೋಳಿ ಕೊಯ್ಯುವುದಕ್ಕಾ?"

"ನಾನು ಸಸ್ಯಾಹಾರಿ. ಇದರಿಂದ ಇವತ್ತಿನವರೆಗೆ ಒಂದು ನಿಂಬೆಹಣ್ಣನ್ನೂ ಕೊಯ್ದಿಲ್ಲ. ಗಾಳಿಯಲ್ಲಿ ಗೆರೆ ಎಳೆಯುವುದಕ್ಕೆ ಅಷ್ಟೇ." ನಮ್ಮ ಕಡೆ ಜಾತ್ರೆಯಲ್ಲಿ ದೇವಿಗೆ ಕುರಿ ಬೀಳುವ ವಿಷಯ ನಾನು ಅವಳಿಗೆ ಹೇಳಲಿಲ್ಲ.

ಅವಳ ಧರ್ಮದ ಹೆಸರು ವಿಕ್ಕಾ. ಬಹಳ ಪುರಾತನವಾದದ್ದೆಂದು ಕೆಲವರು ಹೇಳಿಕೊಳ್ಳುತ್ತಾರಂತೆ. ಅವಳು ಒಪ್ಪುವುದಿಲ್ಲ. ಹಳೆಯ ಕಾಲದ ಎಳೆಗಳು ಇರಬಹುದು, ಆದರೆ ಈ ರೂಪಕ್ಕೆ ಬಂದದ್ದು ಹೋದ ಶತಮಾನದ ನಡುವೆ, ಇಂಗ್ಲೆಂಡಿನಲ್ಲಿ ಅಂದಳು. ಒಬ್ಬ ದೇವಿ, ಒಬ್ಬ ಕೊಂಬಿನ ದೇವರು. ಆ ಕೊಂಬು ನೋಡಿಯೇ ಜನ ಸೈತಾನ ಅಂದುಕೊಳ್ಳುತ್ತಾರೆ. ಅದು ಕಾಡಿನ ಜಿಂಕೆಯ ಕೊಂಬು. ಸೈತಾನ ಎಂಬವನು ಇದ್ದಾನೆಂದೇ ಇವರು ನಂಬುವುದಿಲ್ಲ, ಇನ್ನು ಪೂಜೆ ಎಲ್ಲಿಂದ ಬಂತು? ಹುಣ್ಣಿಮೆ ಹುಣ್ಣಿಮೆಗೆ ಪೂಜೆ. ವರ್ಷಕ್ಕೆ ಎಂಟು ಹಬ್ಬ, ಸೂರ್ಯ ತಿರುಗುವ ಹಾಗೆ, ಬೆಳೆ ಏಳುವ ಬೀಳುವ ಹಾಗೆ. ಗುಡಿ ಇಲ್ಲ, ನೆಲದ ಮೇಲೆ ಒಂದು ವೃತ್ತ ಎಳೆದರೆ ಅದೇ ಗುಡಿ. ಉಪ್ಪು ನೀರು ಚಿಮುಕಿಸಿ, ನಾಲ್ಕು ದಿಕ್ಕಿಗೆ ತಿರುಗಿ ಕರೆಯುತ್ತಾರೆ. ವೃತ್ತವನ್ನು ಯಾವ ಕಡೆಯಿಂದ ಸುತ್ತುತ್ತೀರಿ ಅಂದೆ. ಬಲಗಡೆಯಿಂದಲೇ ಅಂದಳು.

"ಪ್ರದಕ್ಷಿಣೆ" ಅಂದೆ ನಾನು. ನಕ್ಷತ್ರದ ಐದು ಮೂಲೆ ಯಾಕೆ ಎಂದು ಕೇಳಿದೆ. ಮಣ್ಣು, ನೀರು, ಬೆಂಕಿ, ಗಾಳಿ, ಇನ್ನೊಂದು ಚೈತನ್ಯ ಅಂದಳು. ಅಷ್ಟರಲ್ಲಿ ನನ್ನ ಚಹಾ ತಣ್ಣಗಾಗಿತ್ತು, ಅಂಜಿಕೆಯೂ.

ಕೇಳಬೇಕಾದದ್ದನ್ನು ಕೇಳಿಯೇಬಿಟ್ಟೆ. "ನೀವು ಬೇರೆಯವರಿಗೆ ಕೆಡುಕು ಮಾಡಬಲ್ಲಿರಾ?"

"ಯಾರಿಗೂ ನೋವು ಮಾಡಬಾರದು ಅನ್ನುವುದೇ ನಮ್ಮ ನಿಯಮ. ಕಳಿಸಿದ್ದು ಮೂರು ಪಟ್ಟಾಗಿ ಕಳಿಸಿದವರಿಗೇ ಬರುತ್ತದೆ ಅಂತ ನಂಬುತ್ತೇವೆ." ಆಮೇಲೆ ಅವಳೇ ಕೇಳಿದಳು. "ವಿಚ್ ಎಂಬ ಶಬ್ದವನ್ನು ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?"

"ಮಾಟಗಾತಿ."

"ಅಂದರೆ ಯಾರು?"

ಮೇಷ್ಟ್ರಗಿತ್ತಿಯ ಬಾಯಿ, ಅರ್ಥ ಕೇಳಿದರೆ ಸುಮ್ಮನಿರುವುದಿಲ್ಲ. "ಹೊಟ್ಟೆಕಿಚ್ಚಿನಿಂದ ಬೇರೆಯವರ ಮನೆ ಹಾಳು ಮಾಡುವವಳು. ಬಸಿರು ಇಳಿಸುವವಳು" ಎಂದೆ.

ಹೆಲೆನ್ ಕಪ್ಪನ್ನು ಕೆಳಗಿಟ್ಟಳು. ಕಿಟಕಿಯ ಆಚೆ ಯಾವುದೋ ಕಟ್ಟಡದ ಗಾಜು ಬಿಸಿಲಿಗೆ ಬೆಳ್ಳಗೆ ಉರಿಯುತ್ತಿತ್ತು. "ಹಾಗಾದರೆ ಸುಮಿಗೆ ಕೇಳಿಸಿದ್ದು ಅದು" ಅಂದಳು. "ನಮ್ಮವರು ಆ ಶಬ್ದವನ್ನು ಬೈಗುಳದಿಂದ ಬಿಡಿಸಿಕೊಂಡು ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ. ಇಲ್ಲಿ ಅದನ್ನು ಬಾಯಿಬಿಟ್ಟು ಆಡಿದರೆ ತೊಂದರೆಯಾದೀತು ಅಂತ ನಾನು ಯಾರೆದುರೂ ಅಂದವಳಲ್ಲ. ಸುಮಿ ನನ್ನವಳು ಅಂತ ಅವಳೊಬ್ಬಳಿಗೆ ಹೇಳಿದೆ." ಅವಳು ಅತ್ತಳು. ನನಗೆ ಸಮಾಧಾನ ಮಾಡಲು ಇಂಗ್ಲಿಷ್ ಸಾಲಲಿಲ್ಲ, ಬೆನ್ನು ಸವರಿದೆ.

ಅವತ್ತು ಸಂಜೆ ಸುಮಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮುಖ ಗಂಟಿಕ್ಕಿಕೊಂಡು ಕೇಳಿದಳು. "ನಿನಗೂ ಚಹಾದಾಗ ಏನರ ಹಾಕಿ ಕೊಟ್ಟಾಳೇನು?" ಅಂದಳು. ಇದು ಸಿಹಿ ಮಾತಿಗೆ ಬಗ್ಗುವ ಅಂಜಿಕೆಯಲ್ಲ ಎಂದು ಗೊತ್ತಾಯಿತು. ಆಗ ನಾನೊಂದು ಶಾಸ್ತ್ರ ಹೊಸೆದೆ.

"ನೋಡವಾ, ನಾ ಗಂಟು ಒಯ್ತೀನಿ. ಆದ್ರ ಕಟ್ಟಿದವರ ಕೈಲೇ ಬಿಚ್ಚಿಸದ ಹೊಳಿಗೆ ಬಿಟ್ರ ಅದು ಬಿಟ್ಟವರ ಬೆನ್ನ ಹತ್ತತೈತಿ. ನನ್ನ ಬೆನ್ನ ಹತ್ತಿಸಿ ಕಳಸ್ತಿ ಏನು?"

ಇಂಥ ಶಾಸ್ತ್ರ ಎಲ್ಲೂ ಇಲ್ಲ. ಗಿರೀಶ ಪೇಪರಿನ ಹಿಂದೆ ಕೆಮ್ಮಿದ. ಆಮೇಲೆ ಪೇಪರು ಇಳಿಸಿ, ನಾಳೆ ಹುಣ್ಣಿಮೆ, ತನಗೂ ರಜೆ, ಹೆಲೆನ್ ಹೋಗುವ ಮುಂಚೆ ಮರುಭೂಮಿಯ ಒಂಟಿ ಮರವನ್ನು ಕೊನೆಯ ಸಲ ನೋಡಬೇಕು ಅಂತಿದ್ದಾಳೆ, ಕಾರಿಲ್ಲದೆ ಕೂತಿದ್ದಾಳೆ, ಎಲ್ಲರೂ ಹೋಗೋಣ ಅಂದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸುಮಿ ಬರುವುದಿಲ್ಲ ಅನ್ನಲಿಲ್ಲ.

ಮನಾಮಾದಿಂದ ಆ ಮರಕ್ಕೆ ಸುಮಾರು ನಲವತ್ತು ಕಿಲೋಮೀಟರು. ಬಿಸಿಲು ಇಳಿದ ಮೇಲೆ ಹೊರಟೆವು. ಹೆಲೆನ್ ಮುಂದೆ, ನಾನೂ ಸುಮಿಯೂ ಹಿಂದೆ, ನೀಲಿ ಗಂಟು ನನ್ನ ವ್ಯಾನಿಟಿ ಬ್ಯಾಗಿನಲ್ಲಿ. ಹೆಲೆನ್ "ಹಲೋ ಸುಮಿ" ಅಂದಳು, ಸುಮಿ ಕಿಟಕಿಯ ಕಡೆ ತಿರುಗಿದಳು. ರಿಫಾ ಎಂಬ ಊರು ಕಳೆದ ಮೇಲೆ ಮನೆಗಳು ಮುಗಿದವು. ತೈಲದ ಕೊಳವೆಗಳು ರಸ್ತೆಯ ಜೊತೆಗೇ ಓಡಿ ಬಂದವು. ಎಣ್ಣೆ ಎತ್ತುವ ಯಂತ್ರಗಳು ಅಲ್ಲೊಂದು ಇಲ್ಲೊಂದು ಒಂದೇ ಸಮನೆ ತಲೆ ಆಡಿಸುತ್ತಿದ್ದವು, ಯಾರದೋ ಮಾತಿಗೆ ಹೂಂಗುಟ್ಟುವ ಹಾಗೆ. ಡಾಂಬರು ತಪ್ಪಿ ಮರಳಿನ ದಾರಿ ಹಿಡಿದಾಗ ಧೂಳು ಎದ್ದು ಹಿಂದಿನದೆಲ್ಲ ಮರೆಯಾಯಿತು. ದಿಕ್ಕು ಅಂತ ಯಾವುದೂ ಉಳಿಯಲಿಲ್ಲ, ಎತ್ತ ನೋಡಿದರೂ ಅದೇ ತಿಳಿ ಕಂದು. ಅದರ ನಡುವೆ ಸಣ್ಣ ದಿಬ್ಬದ ಮೇಲೆ ಒಂದೇ ಒಂದು ಮರ, ಕೊಂಬೆಗಳನ್ನು ನೆಲಕ್ಕೆ ಚಾಚಿ ನಿಂತಿತ್ತು.

ಜೀವದ ಮರ ಅನ್ನುತ್ತಾರೆ ಅದಕ್ಕೆ. ನೂರಾರು ವರ್ಷದ್ದಂತೆ, ಹತ್ತಿರದಲ್ಲೆಲ್ಲೂ ನೀರಿನ ಸುಳಿವಿಲ್ಲ, ಹೇಗೆ ಬದುಕಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆಗಿನ್ನೂ ಅದಕ್ಕೆ ಬೇಲಿ ಇರಲಿಲ್ಲ, ಕಾಂಡದ ಮೇಲೆ ಬಂದವರೆಲ್ಲ ಹೆಸರು ಕೆತ್ತಿದ್ದರು. ನಾವು ಹೋದಾಗ ಒಂದು ಸಂಸಾರ ಚಾಪೆ ಮಡಿಚಿಕೊಂಡು ಹೊರಡುತ್ತಿತ್ತು. ಗಿರೀಶ ಕಾರಿಗೆ ಒರಗಿ ನಿಂತ. ಸುಮಿ ಇಳಿಯಲೇ ಇಲ್ಲ, ಒಳಗಿಂದ ಗಾಜು ಏರಿಸಿಕೊಂಡಳು.

ನಾನೂ ಹೆಲೆನ್ನೂ ದಿಬ್ಬ ಹತ್ತಿದೆವು. ಅವಳು ಅಲ್ಲಿ ಬತ್ತಿ ಹಚ್ಚಲಿಲ್ಲ, ಮಂತ್ರ ಹೇಳಲಿಲ್ಲ. ಬಲಗಡೆಯಿಂದ ಮರವನ್ನು ಒಂದು ಸುತ್ತು ಬಂದಳು, ಬಾಟಲಿಯ ನೀರನ್ನು ಬುಡಕ್ಕೆ ಸುರಿದಳು, ಖರ್ಜೂರದ ಪೊಟ್ಟಣ ಬಿಚ್ಚಿ ಮೊದಲನೆಯದನ್ನು ಮರಳಿನಲ್ಲಿ ಹೂತಳು. ನೆಲಕ್ಕೆ ಕೊಡದೆ ತಾವು ತಿನ್ನುವುದಿಲ್ಲ ಅಂದಳು. ಅಷ್ಟು ಹೊತ್ತಿಗೆ ಪೂರ್ವದಲ್ಲಿ ಚಂದ್ರ ಎದ್ದಿದ್ದ, ಮಬ್ಬಿನಲ್ಲಿ ಕೆಂಪಗೆ, ದೊಡ್ಡವನಾಗಿ. ಆಗ ನನಗೆ ನೆನಪಾಯಿತು, ಇವತ್ತು ಸೀಗಿ ಹುಣ್ಣಿಮೆ. ನಮ್ಮ ಹೊಲಗಳಲ್ಲಿ ಈಗ ಬಸುರಿ ಭೂಮಿತಾಯಿಗೆ ಸೀಮಂತ. ಅನ್ನ, ಕಡುಬು, ಪುಂಡಿಪಲ್ಯ ಎಲ್ಲ ಕಲಸಿ ಬೆಳೆಯ ಮೇಲೆ ಚರಗ ಚೆಲ್ಲುತ್ತಾರೆ. ಇಲ್ಲಿ ಬೆಳೆ ಇಲ್ಲ, ಹೊಲ ಇಲ್ಲ, ಆದರೂ ಒಬ್ಬ ಹೆಂಗಸು ಮೊಣಕಾಲೂರಿ ಮಣ್ಣಿಗೆ ಉಣಿಸುತ್ತಿದ್ದಾಳೆ. ನಾನು ಎಲ್ಲಿದ್ದೇನೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು. ಹಾಗೇ ಪಕ್ಕದ ಕೊಂಬೆ ಹಿಡಿದುಕೊಂಡೆ, ಮುಳ್ಳು ಚುಚ್ಚಿತು.

ಕೈ ನೋಡಿಕೊಂಡವಳು ಎಲೆ ನೋಡಿದೆ. ಕಡ್ಡಿಯ ಎರಡೂ ಬದಿಗೆ ಜೋಡಿ ಜೋಡಿಯಾಗಿ ಅಕ್ಕಿಕಾಳಿನಂಥ ಸಣ್ಣ ಎಲೆ. ಸೊಟ್ಟ ಮುಳ್ಳು. ಬಿರುಕು ಬಿಟ್ಟ ಬೂದು ತೊಗಟೆ. ನಮ್ಮ ಓಣಿಯ ತುದಿಯ ಕಟ್ಟೆಯ ಮೇಲೆ ಹುಟ್ಟಿದಾಗಿನಿಂದ ನೋಡಿದ ಮರ. ಬನ್ನಿ.

"ಬನ್ನಿ" ಎಂದೆ ಜೋರಾಗಿ. ತನ್ನನ್ನು ಕರೆದರೆಂದು ಗಿರೀಶ ದಿಬ್ಬ ಹತ್ತಿ ಬಂದ. "ಏನ್ರಿ ಅಕ್ಕಾರ?"

"ನಿನ್ನ ಕರೀಲಿಲ್ಲೋ ಮಾರಾಯಾ. ಮರ ನೋಡು, ಬನ್ನಿ ಐತಿ."

ಅವನು ಎಲೆ ಹಿಡಿದು ನೋಡಿದ, ಚಪ್ಪಲಿ ಬಿಟ್ಟ. ನಾನೂ ಬಿಟ್ಟೆ. ನಮ್ಮನ್ನು ನೋಡಿ ಹೆಲೆನ್ ಬೂಟು ಬಿಚ್ಚತೊಡಗಿದಳು. ನಾನು ಬ್ಯಾಗಿನಿಂದ ನೀಲಿ ಗಂಟು ತೆಗೆದು ಅವಳ ಕೈಗಿಟ್ಟು ಬಿಚ್ಚು ಎಂದೆ. ಅದನ್ನು ನೋಡಿ ಅವಳ ಮುಖ ಒಂದು ಥರಾ ಆಯಿತು. ದಾರದ ಒಂದೊಂದೇ ಗಂಟನ್ನು ಉಗುರಿನಿಂದ ಬಿಡಿಸಿದಳು. ಒಳಗೆ ಹರಳುಪ್ಪು ಇತ್ತು. ರೋಸ್‌ಮರಿ ಎಂಬ ಅವರ ಊರಿನ ಪರಿಮಳದ ಸೊಪ್ಪು ಇತ್ತು. ಉಳಿದದ್ದೆಲ್ಲ ಜೋಡಿ ಜೋಡಿಯಾದ ಸಣ್ಣ ಒಣ ಎಲೆ.

"ಇದು ಎಲ್ಲಿಯದು?" ಎಂದೆ. ಗೊತ್ತಿದ್ದೂ ಕೇಳಿದೆ.

"ಇದೇ ಮರದ್ದು. ಉದುರಿದ್ದನ್ನು ಆರಿಸಿದೆ, ಕೀಳಲಿಲ್ಲ. ನೀರೇ ಇಲ್ಲದ ಕಡೆ ಇಷ್ಟು ವರ್ಷ ಜೀವ ಹಿಡಿದುಕೊಂಡಿದೆಯಲ್ಲ, ಸುಮಿಯ ಮಗುವೂ ಹಾಗೇ ಹಿಡಿದುಕೊಳ್ಳಲಿ ಅಂತ ಕೇಳಿಕೊಂಡು ಕಟ್ಟಿದೆ."

ನಾನು ಬಟ್ಟೆಯನ್ನು ಹಾಗೇ ಎರಡೂ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ದಿಬ್ಬ ಇಳಿದೆ. ಮರಳು ಇನ್ನೂ ಬೆಚ್ಚಗಿತ್ತು. ಕಾರಿನ ಗಾಜು ತಟ್ಟಿದೆ. ಸುಮಿ ಇಳಿಸಿದಳು.

"ಸುಮಿ, ಬಿಚ್ಚಿಸಿಕೊಂಡು ಬಂದೀನಿ. ಒಳಗ ಏನೈತಿ ನೀನೇ ನೋಡು."

ಅವಳು ಮೊದಲು ಹಿಂದೆ ಸರಿದಳು. ಆಮೇಲೆ ಬಗ್ಗಿ ನೋಡಿದಳು. ಮತ್ತೆ ನೋಡಿದಳು. ಬೆರಳ ತುದಿಯಿಂದ ಒಂದು ಎಲೆ ಎತ್ತಿದಳು. ಗದಗಿನ ಹುಡುಗಿಗೆ ಅದೇನೆಂದು ಹೇಳಿಕೊಡಬೇಕಾಗಿರಲಿಲ್ಲ.

"ಅಕ್ಕಾ, ಇಷ್ಟ ದಿನ ನನ್ನ ತಲಿದೆಸಿಗೆ ಬನ್ನಿ ಇತ್ತೇನು?"

"ಬನ್ನಿನ ಇತ್ತವಾ."

ಬಾಗಿಲು ತೆಗೆದು ಇಳಿದಳು, ಚಪ್ಪಲಿ ಕಾರಿನಲ್ಲೇ ಬಿಟ್ಟಳು. ದಿಬ್ಬ ಹತ್ತಿ ಹೆಲೆನ್ ಎದುರು ನಿಂತಳು. ಇಂಗ್ಲಿಷಿನಲ್ಲಿ, ಮೆಲ್ಲಗೆ, "ನನ್ನ ಮಗು ಉಳಿಯಲಿಲ್ಲ ಹೆಲೆನ್" ಅಂದಳು.

"ಗೊತ್ತು. ನನಗೆ ತಿಳಿದಷ್ಟು ಬೇಡಿಕೊಂಡೆ. ಅದು ಕೇಳಿಸಲಿಲ್ಲ."

"ನಾನು ಬನಶಂಕರಿಗೆ ಹರಕೆ ಹೊತ್ತಿದ್ದೆ. ಅವಳಿಗೂ ಕೇಳಿಸಲಿಲ್ಲ" ಅಂದಳು ಸುಮಿ. ಅಲ್ಲಿಗೆ ಅವಳ ಇಂಗ್ಲಿಷ್ ಮುಗಿಯಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಆಕೀ ಮ್ಯಾಲೆ ನನಗ ಸಿಟ್ಟ ಬರಲಿಲ್ಲಕ್ಕ. ಇಕೀ ಮ್ಯಾಲೆ ಬಂತು. ಯಾಕ ಹಂಗಾತು?" ಎಂದು ಅತ್ತಳು. ಶ್ರಾವಣದಿಂದ ತಡೆದಿಟ್ಟಿದ್ದ ಅಳು, ಹೊಟ್ಟೆ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಗಿರೀಶ ಮರದ ಆಚೆ ಬದಿಗೆ ಹೋಗಿ ನಿಂತ. ಹೆಲೆನ್ ಅವಳನ್ನು ತಬ್ಬಿಕೊಂಡಾಗ ಸುಮಿ ಬಿಡಿಸಿಕೊಳ್ಳಲಿಲ್ಲ.

ಅಳು ನಿಂತ ಮೇಲೆ ಸುಮಿ ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟೆಯಲ್ಲಿದ್ದ ಎಲೆಯನ್ನು ಚಿಟಿಕೆಯಷ್ಟು ತೆಗೆದು ಹೆಲೆನ್‌ಳ ಅಂಗೈಯಲ್ಲಿ ಇಟ್ಟಳು. ನಮ್ಮಲ್ಲಿ ಹಿರಿಯರಿಗೆ ಕೊಡುವ ಹಾಗೆ, ಬಗ್ಗಿ ಪಾದ ಮುಟ್ಟಿದಳು. "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಅಂದಳು.

ಹೆಲೆನ್‌ಗೆ ಒಂದಕ್ಷರ ಅರ್ಥವಾಗಲಿಲ್ಲ. "ನಾನೇನು ಹೇಳಬೇಕು?" ಎಂದು ನನ್ನನ್ನು ಕೇಳಿದಳು. ತಿರುಗಿ ಎಲೆ ಕೊಟ್ಟು ಅದನ್ನೇ ಹೇಳಬೇಕು ಅಂದೆ. ಹೇಳಿದಳು. ಅವಳ ಬಾಯಲ್ಲಿ ಬಂಗಾರ ಎಂಬುದು ಬ್ಯಾಂಗರಾ ಆಯಿತು, ಸುಮಿಗೆ ಅಳುವಿನ ನಡುವೆಯೇ ನಗು ಬಂತು. ಖರ್ಜೂರ ತಿಂದು ಬೀಜಗಳನ್ನು ಮರಳಿಗೆ ಒತ್ತಿದೆವು. ಚಂದ್ರ ಬೆಳ್ಳಗಾಗಿ ಮೇಲೆ ಬಂದಿದ್ದ. ಮರಳೆಲ್ಲ ಬೆಳದಿಂಗಳಿಗೆ ನೀರಿನ ಹಾಗೆ ಕಾಣುತ್ತಿತ್ತು, ಹೆಜ್ಜೆ ಇಟ್ಟರೆ ಒದ್ದೆಯಾದೀತು ಅನ್ನಿಸುವಷ್ಟು. ಮರಳಿ ಬರುವಾಗ ಹೆಲೆನ್ ಹಿಂದಿನ ಸೀಟಿನಲ್ಲಿ ಸುಮಿಯ ಪಕ್ಕ ಕೂತಳು, ನನ್ನನ್ನು ಮುಂದೆ ತಳ್ಳಿದರು.

ಎರಡು ದಿನಕ್ಕೆ ಹೆಲೆನ್ ಹೊರಟಳು. ವಿಮಾನ ನಿಲ್ದಾಣಕ್ಕೆ ಸುಮಿಯೇ ಕಾರು ಓಡಿಸಿಕೊಂಡು ಹೋದಳು. ಕಸಬರಿಗೆಯನ್ನು ಹೆಲೆನ್ ಇವಳಿಗೇ ಬಿಟ್ಟುಹೋಗಿದ್ದಾಳೆ. ನೆಟ್ಟಗೆ ನಿಲ್ಲಿಸುವುದೋ ತಲೆಕೆಳಗೋ ಅಂತ ತೀರ್ಮಾನವಾಗದೆ ಸುಮಿ ಅದನ್ನು ಅಡ್ಡ ಮಲಗಿಸಿದ್ದಾಳೆ. ಉಳಿದ ಎಲೆಯನ್ನು ಅದೇ ನೀಲಿ ಬಟ್ಟೆಯಲ್ಲಿ ಕಟ್ಟಿ ಮಂಚದ ತಲೆಭಾಗಕ್ಕೆ ಮತ್ತೆ ಬಿಗಿದಳು. ನಾಲ್ಕು ಎಲೆ ನನ್ನ ಕರ್ಚೀಫಿನಲ್ಲೂ ಬಂದವು. ಈ ಸಲ ಮರಳಿ ಬರುವ ದಾರಿಯಲ್ಲಿ ಯಾರೂ ಇದೇನೆಂದು ಕೇಳಲಿಲ್ಲ, ಕೇಳಿದ್ದರೆ ಎಲೆ ಅಂತಲೇ ಹೇಳುವವಳಿದ್ದೆ.

ಬೆಂಗಳೂರಿನಲ್ಲಿ ಇಳಿದು ರೈಲು ಹತ್ತಿದೆ. ಹರಿಹರದ ಸೇತುವೆ ಬರುವ ಹೊತ್ತಿಗೆ ಬಿಸಿಲು ಏರಿತ್ತು, ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಎದುರು ಸೀಟಿನ ಅಜ್ಜಿ ಕಿಟಕಿಯಿಂದ ನಾಣ್ಯ ಒಗೆದು ಕೈ ಮುಗಿದಳು. ನಾನು ಕರ್ಚೀಫಿನ ಗಂಟು ಹಿಡಿದುಕೊಂಡು ಸುಮ್ಮನೆ ನೀರು ನೋಡುತ್ತ ಕೂತದ್ದನ್ನು ಕಂಡು ಕೇಳಿದಳು.

"ಹೊಳಿಗೆ ನೀವೇನೂ ಹಾಕಂಗಿಲ್ಲೇನ್ರಿ?"

"ಹಾಕೂದಿತ್ತಬೇ, ಅದಕ್ಕಂತನ ಹೋಗಿದ್ದೆ" ಅಂದೆ. "ಹಾಕಾಕ ಏನೂ ಉಳೀಲಿಲ್ಲ."